ಊಟಕ್ಕೆ ಮುಂಚಿನ ಮಾತು

ಫ್ರಾನ್ಸಿನ ದಿಜೋನಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ರುಕ್ಸಾಂದ್ರ ರುಮೇನಿಯಾದಿಂದ ಬಂದಾಗ ಅವಳ ಕೊರಳಲ್ಲೊಂದು ಶಿಲುಬೆ, ನಾಲಿಗೆಯ ಮೇಲೆ ನಾಲ್ಕೇ ಫ್ರೆಂಚ್ ಮಾತು. ಅವು ಬೆಳೆದದ್ದು ಸಂಜೆಯ ಪಾಠದಲ್ಲಿ. ಎದುರಾದರೆ ಏನೆನ್ನಬೇಕು, ಬೀಳ್ಕೊಡುವಾಗ ಏನೆನ್ನಬೇಕು, ಊಟಕ್ಕೆ ಕೂತವರಿಗೆ ಏನೆನ್ನಬೇಕು ಎಂಬುದನ್ನೆಲ್ಲ ಪ್ರಾರ್ಥನೆಯಂತೆ ಬಾಯಿಪಾಠ ಮಾಡಿ ಗೊಂತ್ರಾನನಿಗೆ ಒಪ್ಪಿಸುತ್ತಿದ್ದಳು. ಅವನು ಅವಳನ್ನು ಮದುವೆಯಾಗಲಿದ್ದವನು. ಆದರೆ ಭಾನುವಾರದ ಊಟದಲ್ಲಿ ಅವನ ತಾಯಿ ಅವಳನ್ನು ಮೆಚ್ಚಿದ ಮೇಲೆ.

ಆ ಭಾನುವಾರ ಬಾಗಿಲಲ್ಲೇ ಅವಳು "ಆಂಶಾಂತೆ" ಎಂದು ಕೈ ಚಾಚಿದಳು. ನಿಮ್ಮನ್ನು ಕಂಡದ್ದು ಸಂತೋಷ ಎಂಬ ಮಾತು. ತಾಯಿ ಮದಾಮ್ ಸೊಲಾಂಜ್ ಬೆರಳ ತುದಿ ತಾಗಿಸಿ "ಬೋಂಜೂರ್" ಎಂದರು, ಅಷ್ಟೇ.

ಮೇಜಿಗೆ ಕುರಿಮರಿಯ ಮಾಂಸ ಬಂತು. ರುಕ್ಸಾಂದ್ರ ಶಿಲುಬೆಯ ಗುರುತು ಮಾಡಿಕೊಂಡು, ಮುಖವರಳಿಸಿ, "ಬೊನ್ ಆಪೆತಿ" ಎಂದಳು.

ಮದಾಮ್ ಚಾಕು ಕೆಳಗಿಟ್ಟರು. "ಯಾರು ಹೇಳಿಕೊಟ್ರು ನಿಮಗೆ ಇದನ್ನ?"

"ಪಾಠದಲ್ಲಿ, ಮದಾಮ್. ಚೆನ್ನಾಗಿ ಹಸಿವಾಗಲಿ ಅಂತ ಹಾರೈಸೋದು. ಆಸ್ಪತ್ರೆಲಿ ಎಲ್ಲರೂ ಹೇಳ್ತಾರೆ."

"ಹೇಳ್ತಾರೆ, ಯಾಕೆ ಹೇಳಲ್ಲ. ಹೆದ್ದಾರಿ ಹೋಟೆಲಲ್ಲೂ ಹೇಳ್ತಾರೆ. ನಮ್ಮ ಮನೆತನದಲ್ಲಿ ಹೊಟ್ಟೆ ಕರುಳಿನ ಸುದ್ದಿ ಮೇಜಿಗೆ ತರೋದಿಲ್ಲ. ಬಾಗಿಲಲ್ಲಿ ಅಂದ್ರಲ್ಲ, ಅದೂ ಅಷ್ಟೇ. ಅಂಗಡಿಯವರ ಮಾತು."

"ಹಾಗಾದ್ರೆ ಊಟಕ್ಕೆ ಮುಂಚೆ ಏನನ್ನಬೇಕು?"

"ಏನೂ ಇಲ್ಲ. ನಾನು ಫೋರ್ಕ್ ಎತ್ತೋತನಕ ಸುಮ್ಮನಿರಬೇಕು."

ರುಕ್ಸಾಂದ್ರ ಗೊಂತ್ರಾನನ ಕಡೆ ತಿರುಗಿದಳು. ಅವನು ತಟ್ಟೆಯತ್ತ ಬಗ್ಗಿದ್ದ. ನಗು ತಡೆದು ಭುಜ ಕುಲುಕುತ್ತಿತ್ತು.

"ನಿನಗೆ ಗೊತ್ತಿತ್ತಾ?"

"ಗೊತ್ತಿರದೆ ಏನು? ಹುಟ್ಟಿದಾಗಿಂದ ಕೇಳಿದೀನಿ."

"ವಾರವೆಲ್ಲ ನಿನ್ನ ಮುಂದೇ ಒಪ್ಪಿಸಿದ್ನಲ್ಲ."

"ಅಮ್ಮನ ಮುಖ ಹೇಗಾಗತ್ತೋ ನೋಡೋಣ ಅನ್ನಿಸ್ತು ಕಣೆ. ತಮಾಷೆಗೆ. ಅದಕ್ಯಾಕೆ ಮುಖ ಊದಿಸ್ತೀಯ?"

ತಾಯಿಯ ತಾತ್ಸಾರ ಅವಳಿಗೆ ಅಷ್ಟಾಗಿ ನಾಟಲಿಲ್ಲ. ಆಕೆಯಾದರೂ ಕಲ್ಲನ್ನು ಎದುರಿಗೇ ಎಸೆದಿದ್ದರು. ಇವನು ಅದನ್ನೇ ಹೂವೆಂದು ಅವಳ ಕೈಯಲ್ಲಿಟ್ಟು ಕಳಿಸಿದ್ದ. ಅನ್ನ ಸೇರದ ಎಷ್ಟೋ ರೋಗಿಗಳಿಗೆ ಆ ಮಾತು ಹೇಳುತ್ತಲೇ ಅವಳು ಸೂಪು ಕುಡಿಸಿದ್ದಳು. ಅವಳ ಬಾಯಲ್ಲಿ ಅದು ಹಾರೈಕೆಯಾಗಿತ್ತು.

ಎದ್ದು ಕೋಟು ತೊಟ್ಟು, ಮದಾಮಿಗೆ ತಲೆಬಾಗಿದಳು. "ಹೊರಡ್ತೀನಿ, ಮದಾಮ್."

"ಊಟದ ಕೊನೆಯ ಚೀಸ್ ಇನ್ನೂ ಬಂದಿಲ್ಲ, ಕೂತ್ಕೋ," ಎಂದ ಗೊಂತ್ರಾನ್. "ಬೇಸಗೆಗೆ ಮದುವೆ ಬೇಡ್ವಾ ನಿನಗೆ?"

ತಟ್ಟೆಯಂಚಿಗೆ ತಳ್ಳಿದ ಮೂಳೆಯನ್ನು ನೋಡುವಂತೆ ಅವಳು ಅವನನ್ನು ನೋಡಿದಳು. ಪಾಠದಲ್ಲಿ ತಿದ್ದಿಸಿಕೊಂಡ ಹಾಗೆಯೇ, ಒಂದೊಂದು ಅಕ್ಷರವನ್ನೂ ಬಿಡಿಸಿ, "ಬೊನ್ ಆಪೆತಿ" ಎಂದು ಹೇಳಿ ಬಾಗಿಲು ಎಳೆದುಕೊಂಡಳು.