ತೊಗಾವಾ ಯಾವ ಕಡೆ?

ತೊಗಾವಾ ಕಿಯೊಹಾರು ರಾಜಕೀಯಕ್ಕೆ ಬಂದಾಗಿನಿಂದ ಹೇಳುತ್ತ ಬಂದದ್ದು ಒಂದೇ ಮಾತು: ದೇಶಕ್ಕೆ ಗಟ್ಟಿ ಕಾವಲು ಬೇಕು. ಉಳಿದ ಸಂಸದರು ರಸ್ತೆ, ಪಿಂಚಣಿ, ಅಕ್ಕಿಯ ಬೆಲೆ ಎಂದು ಗಂಟಲು ಹರಿದುಕೊಳ್ಳುವಾಗ ಇವನು ಸಮುದ್ರದಾಚೆಯಿಂದ ಹಾರಿಬರುವ ಕ್ಷಿಪಣಿಗಳ ಬಗ್ಗೆ ಮಾತಾಡುತ್ತಿದ್ದ. ಅದು ಓಟು ತರುವ ವಿಷಯವಲ್ಲ. ‘ಕ್ಷಿಪಣಿ ತೊಗಾವಾ’ ಎಂದು ಪಕ್ಷದವರೇ ಬೆನ್ನ ಹಿಂದೆ ನಗುತ್ತಿದ್ದರು. ಇವನು ಪಟ್ಟು ಬಿಡಲಿಲ್ಲ. ಸಮಿತಿಯಿಂದ ಸಮಿತಿಗೆ ಹತ್ತಿ, ಉಪಮಂತ್ರಿಯಾಗಿ, ತಲೆ ಪೂರ್ತಿ ನರೆತ ಮೇಲೆ ರಕ್ಷಣಾ ಮಂತ್ರಿಯ ಕುರ್ಚಿಯಲ್ಲಿ ಕೂತ.

ಕೂತ ವರ್ಷವೇ, ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುರುಳಿಸುವ ನೆಲೆಯೊಂದನ್ನು ಕಟ್ಟಲು ಸಂಪುಟ ಒಪ್ಪಿತು. ಮೊದಲು ಆರಿಸಿದ್ದು ದಕ್ಷಿಣದ ಒಂದು ಪಟ್ಟಣವನ್ನು. ತೊಗಾವಾ ಅಲ್ಲಿಗೆ ಹೋಗಿ, ಮುಖ ಗಂಟು ಹಾಕಿಕೊಂಡು ಕೂತ ಜನರ ಮುಂದೆ ಸೊಂಟ ಬಗ್ಗಿಸಿ ನಮಿಸಿ, “ಇದರ ಪಕ್ಕದಲ್ಲೇ ನಿಮ್ಮ ಮಕ್ಕಳು ನಿಶ್ಚಿಂತೆಯಿಂದ ಮಲಗಬಹುದು. ನನ್ನ ಮಾತು ನಂಬಿ” ಎಂದಿದ್ದ. ಅದನ್ನು ಅವನೂ ನಂಬಿದ್ದ. ಆದರೆ ಅಲ್ಲಿನ ಬೆಟ್ಟ ರಾಡಾರಿಗೆ ಅಡ್ಡ ಬರುತ್ತದೆಂದು ಆಮೇಲೆ ತಿಳಿಯಿತು. ಎಂಜಿನಿಯರುಗಳು ಬೇರೆ ಜಾಗ ಹುಡುಕಿ, ವಾಯವ್ಯ ಕರಾವಳಿಯ ಅಬುರಾಹಾಮಾದ ಮೇಲೆ ಬೆರಳಿಟ್ಟರು. ಅದು ತೊಗಾವಾನ ಹುಟ್ಟೂರು, ಅವನನ್ನು ಗೆಲ್ಲಿಸುತ್ತ ಬಂದ ಕ್ಷೇತ್ರ.

ಊರಿನಲ್ಲಿ ಅವನಿಗೆ ಹಳೆಯ ವಿರೋಧಿ ಒಬ್ಬಳಿದ್ದಳು, ನಿವೃತ್ತ ಶಿಕ್ಷಕಿ ಇವಾಸೆ ನುಯಿ. ಚುನಾವಣೆ ಬಂತೆಂದರೆ ಅವನು ಬಿಳಿ ಕೈಗವಸು ತೊಟ್ಟು ಮೈಕಿನ ವ್ಯಾನಿನಲ್ಲಿ ಕೈ ಬೀಸುತ್ತ ಬರುವ ಹೊತ್ತಿಗೆ, ಆಕೆ ರೈಲು ನಿಲ್ದಾಣದ ಎದುರು ಫಲಕ ಹಿಡಿದು ನಿಂತಿರುತ್ತಿದ್ದಳು: ‘ನಮ್ಮೂರು ಯಾರ ಗುರಿಯೂ ಆಗಬಾರದು.’ ನೆಲೆಯ ಬಗ್ಗೆ ಕರೆದಿದ್ದ ಊರವರ ಸಭೆಯಲ್ಲಿ ಆಕೆಗೆ ಏನು ಉತ್ತರ ಕೊಡಬೇಕೆಂದು ತೊಗಾವಾ ರೈಲಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ.

ಮಕ್ಕಳಿಲ್ಲದೆ ಮುಚ್ಚಿಹೋದ ಪ್ರಾಥಮಿಕ ಶಾಲೆಯ ಆಟದ ಹಜಾರದಲ್ಲಿ ಸಭೆ. ಸೀಮೆಎಣ್ಣೆ ಒಲೆಗಳು ಉರಿಯುತ್ತಿದ್ದರೂ ಜನ ಕೋಟು ಬಿಚ್ಚಿರಲಿಲ್ಲ. ಮೊದಲು ಎದ್ದವನು ಮೀನುಗಾರರ ಸಂಘದ ದೊಬಾಶಿ ಗೆನ್ಸಾಕು, ತೊಗಾವಾನ ಬೆಂಬಲಿಗರ ಮುಖ್ಯಸ್ಥ.

“ಸಾಹೇಬ್ರೇ, ನಾವು ಓಟು ಹಾಕಿದ್ದು ನೀವು ದೇಶ ಕಾಯ್ತೀರಿ ಅಂತ. ನಮ್ಮ ಬಲೆ ಮೇಲೇ ಕೂತ್ಕೊಂಡು ಕಾಯ್ತೀರಿ ಅಂತ ಯಾರಿಗ್ಗೊತ್ತಿತ್ತು?”

ಹಜಾರ ನಕ್ಕಿತು. ತೊಗಾವಾನಿಗೆ ನಗು ಬರಲಿಲ್ಲ. ಅಷ್ಟರಲ್ಲಿ ನುಯಿ ಎದ್ದಳು.

“ನಾನು ಕಟ್ಟಿ ಅಂತೀನಿ” ಎಂದಳು.

ತಪ್ಪಾಗಿ ಕೇಳಿಸಿತೇನೋ ಎಂದುಕೊಂಡ ತೊಗಾವಾ. “ಏನಂದ್ರಿ?”

“ಕಟ್ಟಿ ಅಂದೆ. ಸೈನಿಕರು ಬರ್ತಾರೆ, ಸಂಸಾರ ಬರುತ್ತೆ, ಮಕ್ಕಳು ಬರ್ತವೆ. ಈ ಶಾಲೆ ಬಾಗಿಲು ತೆಗೀಬಹುದು. ಊರೇ ತಾನಾಗಿ ಸತ್ತೋದ್ಮೇಲೆ ಇಲ್ಲಿ ಕಾಯೋಕೆ ಏನಿರುತ್ತೆ?”

ತೊಗಾವಾ ಬಾಯಿಪಾಠ ಮಾಡಿಕೊಂಡ ಉತ್ತರ ಗಾಳಿಗೆ ಹೋಯಿತು. ಆಕೆಗೆ ಕೈಮುಗಿದು ಕೂತಿದ್ದರೆ ಕೆಲಸ ಮುಗಿದಂತೆ. ಆದರೆ ಬಾಯಿ ತಾನಾಗಿ ತೆರೆದುಕೊಂಡಿತು: “ಸ್ವಲ್ಪ ಯೋಚನೆ ಮಾಡಿ, ಮೇಡಮ್. ಯುದ್ಧ ಅಂತ ಶುರುವಾದ್ರೆ ಮೊದಲ ಏಟು ಬೀಳೋದೇ ಇಂಥ ನೆಲೆ ಮೇಲೆ.”

ಹಿಂದೆ ಕೂತ ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ನುಯಿ ಕನ್ನಡಕ ಸರಿಮಾಡಿಕೊಂಡು ಅವನನ್ನು ದಿಟ್ಟಿಸಿದಳು.

“ಅದು ನನ್ನ ಮಾತಲ್ವಾ? ನೀವ್ಯಾವಾಗ ಎತ್ಕೊಂಡ್ರಿ?”

ಆ ಸಂಜೆ ಅವನು ಅಕ್ಕನ ಮನೆಗೆ ಹೋದ. ಗಂಡ ಸತ್ತ ಮೇಲೆ ಅಕ್ಕ ಇಸೊಎ ಒಬ್ಬಳೇ ಕಡಲ ಪಾಚಿ ಒಣಗಿಸಿ ಮಾರಿಕೊಂಡಿದ್ದಳು. ಸಾರು, ಅನ್ನ, ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಮುಂದಿಟ್ಟು ಕೇಳಿದಳು:

“ದಕ್ಷಿಣದವ್ರಿಗೆ ಏನೂ ಆಗಲ್ಲ ಅಂದೆ. ಟೀವೀಲಿ ನಾನೇ ನೋಡಿದೀನಿ. ಇಲ್ಲಿ ಬಂದು ಮೊದಲ ಏಟು ಅಂತೀಯ. ಯಾವುದೋ ನಿಜ, ಕಿಯೋ?”

“ಎರಡೂ ನಿಜ, ಅಕ್ಕ.”

“ಎರಡೂ ಹೆಂಗೋ ಆಗುತ್ತೆ?”

“ಅದೇ ಗೊತ್ತಾಗ್ತಿಲ್ಲ.”

“ದಕ್ಷಿಣದಲ್ಲಿ ನಿನ್ನ ಮುಂದೆ ಕೂತಿದ್ದವ್ರಲ್ಲಿ ನಿಂಗೆ ಒಬ್ರದ್ದಾದ್ರೂ ಹೆಸರು ಗೊತ್ತಿತ್ತಾ?”

ಅವನು ಸಾರಿನ ಬಟ್ಟಲು ಎತ್ತಿಕೊಂಡ. ಕುಡಿಯಲಿಲ್ಲ. ನೆಲೆ ಬೇಕೆಂಬುದರಲ್ಲಿ ಅವನಿಗೆ ಈಗಲೂ ಅನುಮಾನವಿರಲಿಲ್ಲ. ಇಲ್ಲಿ ಬೇಡವೆಂದು ಒಳಗಿನಿಂದ ಏಳುತ್ತಿದ್ದ ಮಾತಿನಲ್ಲೂ ಅನುಮಾನವಿರಲಿಲ್ಲ. ಎರಡನ್ನೂ ಒಂದೇ ತಲೆಯಲ್ಲಿ ಎಲ್ಲಿಡುವುದೆಂದು ಮಾತ್ರ ತಿಳಿಯಲಿಲ್ಲ.

ಸಂಸತ್ತಿನಲ್ಲಿ ಪ್ರಶ್ನೆ ಬಂತು: ನೆಲೆಯ ಸುತ್ತಲಿನ ಜನಕ್ಕೆ ಅಪಾಯವಿದೆಯೇ? ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ಓದಲು ಎದ್ದ ತೊಗಾವಾ ಓದದೆ ಹೇಳಿದ: “ನೆಲೆ ಬೇಕೇ ಬೇಕು. ಪಕ್ಕದ ಜನಕ್ಕೆ ಅಪಾಯವೂ ಇದೆ. ದಕ್ಷಿಣದ ಪಟ್ಟಣದಲ್ಲಿ ನಾನು ಅರ್ಧ ಮಾತ್ರ ಹೇಳಿದ್ದೆ.”

ಸದನದಲ್ಲಿ ಗದ್ದಲವೆದ್ದಿತು. ಹೇಳದೆ ಬಿಟ್ಟ ಅರ್ಧಕ್ಕೆ ವಿರೋಧ ಪಕ್ಷದವರು ಸುಳ್ಳುಗಾರನೆಂದರು, ಈಗ ಹೇಳಿದ ಅರ್ಧಕ್ಕೆ ಸ್ವಪಕ್ಷದವರು ದ್ರೋಹಿಯೆಂದರು. ವಾರ ಕಳೆಯುವುದರೊಳಗೆ ರಾಜೀನಾಮೆ ಕೊಡಬೇಕಾಯಿತು. ನೆಲೆ ಅಬುರಾಹಾಮಾದಲ್ಲೇ ಎಂದು ಹೊಸ ಮಂತ್ರಿ ಘೋಷಿಸಿದ.

ಮುಂದಿನ ಚುನಾವಣೆಗೆ ಪಕ್ಷ ಟಿಕೆಟ್ ಕೊಡಲಿಲ್ಲ. ತೊಗಾವಾ ಪಕ್ಷೇತರನಾಗಿ ನಿಂತ. ನೆಲೆಯ ಬಗ್ಗೆ ಕೇಳಿದವರಿಗೆಲ್ಲ ಸಂಸತ್ತಿನಲ್ಲಿ ಹೇಳಿದ್ದನ್ನೇ ಹೇಳಿದ. ಜನ ತಮಗೆ ಬೇಕಾದಷ್ಟನ್ನು ಕೇಳಿಸಿಕೊಂಡು ಹೋದರು. ದೊಬಾಶಿ ಮೀನುಗಾರರನ್ನೆಲ್ಲ ಕಟ್ಟಿಕೊಂಡು ಅವನ ವ್ಯಾನಿನ ಹಿಂದೆ ನಡೆದ. ನುಯಿಯೂ ನಡೆದಳು. ಅವನು ಹಿಂದೆಂದೂ ಇಲ್ಲದಷ್ಟು ಅಂತರದಲ್ಲಿ ಗೆದ್ದ. ಅವನ ಚುನಾವಣಾ ಕಚೇರಿಯಲ್ಲಿ ಎಲ್ಲರೂ ಎರಡೂ ಕೈ ಮೇಲೆತ್ತಿ ಜಯಕಾರ ಹಾಕಿದ ಮೇಲೆ ದೊಬಾಶಿ ಅವನ ಬಲಗೈ ಹಿಡಿದುಕೊಂಡ.

“ಇನ್ನು ಆ ನೆಲೆ ಕೆಲಸ ನಿಲ್ಲಿಸಿ, ಸಾಹೇಬ್ರೇ.”

ಎಡಗೈ ನುಯಿಯ ಕೈಯಲ್ಲಿತ್ತು. “ಇನ್ನು ಬೇಗ ಕಟ್ಟಿಸಿ” ಎಂದಳು ಆಕೆ.

ತೊಗಾವಾ ಇಬ್ಬರಿಗೂ ತಲೆಬಾಗಿದ. ಯಾರಿಗೆ ಏನು ಒಪ್ಪಿಕೊಂಡೆನೆಂದು ಅವನಿಗೇ ತಿಳಿಯಲಿಲ್ಲ. ಹೊರಗೆ ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

“ಅಕ್ಕ, ನೀನು ಯಾಕೆ ನಂಗೆ ಓಟು ಹಾಕ್ದೆ?”

“ಹಾಕ್ಲಿಲ್ವಲ್ಲ” ಎಂದಳು ಇಸೊಎ. “ನಿನ್ನ ತಲೇಲಿ ಏನಿದೆ ಅಂತ ನಿಂಗೇ ಗೊತ್ತಿಲ್ಲ. ಗೊತ್ತಾದಾಗ ಹೇಳು, ನೋಡೋಣ.”

ಅಧಿವೇಶನ ಶುರುವಾದಾಗ ಅವನು ರಕ್ಷಣಾ ಸಮಿತಿಯಲ್ಲೇ ಜಾಗ ಕೇಳಿ ಪಡೆದ. ನೆಲೆಯ ಚರ್ಚೆಯ ದಿನ ಸಮಿತಿಯ ಅಧ್ಯಕ್ಷ, ಪರವಾಗಿ ಮಾತಾಡುವವರ ಜೊತೆಗೆ ಅವನ ಹೆಸರು ಬರೆಯಲೋ ವಿರೋಧವಾಗಿ ಮಾತಾಡುವವರ ಜೊತೆಗೋ ಎಂದು ವಿಚಾರಿಸಿದ.

“ಎಲ್ಲರದೂ ಮುಗೀಲಿ” ಎಂದ ತೊಗಾವಾ. “ನನ್ನನ್ನ ಕೊನೇಲಿ ಕರೀರಿ.”