ಬೆಲ್ ಒತ್ತಿದರೆ ದೀಪ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಮೊದಲ ಡ್ರಾಫ್ಟನ್ನು ಸಿಯಾಲ್ದಾ ಸ್ಟೇಷನ್ನಿನ ಗದ್ದಲದಿಂದ ಶುರುಮಾಡಿದ್ದೆ. ಗದ್ದಲ ಸೊಗಸಾಗಿ ಬಂತು, ಕಥೆ ಬರಲಿಲ್ಲ. ಹರಿದು ಹಾಕಿದೆ. ನೇರವಾಗಿಯೇ ಹೇಳುತ್ತೇನೆ: ೧೯೭೩ರಲ್ಲಿ ಮೋಹನದಾಸ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಹೆತ್ತ ತಾಯಿಯನ್ನು ಪಕ್ಕದ ಮನೆಯವಳು ಎಂದ.

(ನೋಡಿ, ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟೆ. ಕಥೆ ಕಟ್ಟಬಲ್ಲವರು ಹೀಗೆ ಮಾಡುವುದಿಲ್ಲ.)

೨

ತಾಯಿ ಕುಸುಮಾವತಿ, ಮಂಗಳೂರು ಕಡೆಯವಳು. ಗಂಡನಿಗೆ ಬಿಬಿಡಿ ಬಾಗಿನ ಬ್ಯಾಂಕಿನಲ್ಲಿ ಕೆಲಸ, ಬಾಡಿಗೆ ಮನೆ ಕಾಳಿಘಾಟಿನಲ್ಲಿ. ಮಗ ಚಿಕ್ಕವನಿದ್ದಾಗ ವಿಷಮಜ್ವರ ಬಂದು ಅವಳ ಕಿವಿ ಹೋಯಿತು. ಮಾತು ಉಳಿಯಿತು, ದನಿಯ ಅಳತೆ ತಪ್ಪಿತು. ಟ್ರಾಮಿನಲ್ಲಿ ಅವಳು ಬಾಯಿ ತೆರೆದರೆ ಜನ ತಿರುಗಿ ನೋಡುತ್ತಿದ್ದರು. ಮೋಹನ ಕಿಟಕಿಯಾಚೆ ನೋಡುತ್ತಿದ್ದ. ಮನೆಯವರ ಮಾತು ಅವಳಿಗೆ ತುಟಿ ನೋಡಿದರೆ ತಿಳಿಯುತ್ತಿತ್ತು. ಬಾಗಿಲು ತಟ್ಟಿದ್ದು ತಿಳಿಯುತ್ತಿರಲಿಲ್ಲ. ಊರಿನಲ್ಲಿ ಅವಳ ಅಮ್ಮ ತೀರಿಕೊಂಡಾಗ ಟೆಲಿಗ್ರಾಂ ತಂದವನು ತಟ್ಟಿ ತಟ್ಟಿ ವಾಪಸು ಹೋಗಿದ್ದ.

೩

ಕಾಲೇಜಿನ ಪ್ರಾಜೆಕ್ಟಿಗೆ ಮೂವರ ಟೀಮು: ಮೋಹನ, ಪ್ರದ್ಯೋತ್, ಅನಿಮೇಶ್. ಹೊರಗೆ ಬೆಲ್ ಒತ್ತಿದರೆ ಅಡುಗೆಮನೆಯಲ್ಲಿ ಬಲ್ಬು ಮಿನುಗಬೇಕು. ಕರೆಂಟು ಹೋದರೆ ಬ್ಯಾಟರಿ. ಐಡಿಯಾ ಮೋಹನನದೇ. ಇದು ಯಾರಿಗೆ ಎಂದು ಪ್ರದ್ಯೋತ್ ಕೇಳಿದಾಗ, "ಪಕ್ಕದ ಮನೆ ಮಾಸಿಮಾಗೆ" ಎಂದುಬಿಟ್ಟ. ಬಂಗಾಳಿಗಳಿಗೆ ತಾಯಿಯ ವಯಸ್ಸಿನ ಹೆಂಗಸರೆಲ್ಲ ಮಾಸಿಮಾ, ಅಂದರೆ ಚಿಕ್ಕಮ್ಮ. ಸುಳ್ಳಿಗೆ ಹೇಳಿ ಮಾಡಿಸಿದ ಪದ.

"ನನ್ನನ್ನು ಅಷ್ಟು ಕೆಟ್ಟವನಾಗಿ ಮಾಡ್ಬೇಡಿ ಸಾರ್," ಎಂದು ಮೋಹನ ಇಲ್ಲಿ ನನ್ನ ಪೆನ್ನು ಹಿಡಿದ. "ಆ ದೀಪ ಮಾಡಿದ್ದೂ ನಾನೇ ಅಲ್ವಾ?"

ಅದನ್ನೂ ಬರೆದಿದ್ದೇನೆ ಮಾರಾಯ. ಅದಕ್ಕೇ ನಿನಗೆ ಇಷ್ಟು ನಾಚಿಕೆ.

೪

ತಾವೇ ಬಂದು ಜೋಡಿಸಿಕೊಡುತ್ತೇವೆಂದು ಗೆಳೆಯರು ಹಟ ಹಿಡಿದರು. ತಪ್ಪಿಸಲಾಗಲಿಲ್ಲ. ಹೊಸಿಲಲ್ಲಿ ನಿಂತು ಮೋಹನ ತಾಯಿಯನ್ನು ತೋರಿಸಿ ಬಂಗಾಳಿಯಲ್ಲಿ, "ಇವರೇ ಮಾಸಿಮಾ. ನಮ್ಮ ಮನೆಯವರೆಲ್ಲ ಗುಡಿಗೆ ಹೋಗಿದ್ದಾರೆ," ಎಂದ.

ವೈರ್ ಎಳೆದದ್ದಾಯಿತು. ಪ್ರದ್ಯೋತ್ ಬೆಲ್ ಒತ್ತಿದ. ಗೋಳಿಬಜೆ ಕರಿಯುತ್ತಿದ್ದ ಕುಸುಮಾವತಿ ಬಲ್ಬು ಕಂಡವಳೇ ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡಿ ಬಂದಳು. ಮೋಹನನ ತಲೆಯ ಮೇಲೆ ಕೈಯಿಟ್ಟು, ಇಡೀ ಬೀದಿಗೆ ಕೇಳುವಂತೆ, "ಇದು ನನ್ನ ಮಗ ಮಾಡಿದ್ದು," ಎಂದಳು.

ಕನ್ನಡ ಬಾರದ ಅನಿಮೇಶ್, "ಏನಂತಿದ್ದಾರೆ?" ಎಂದು ಕೇಳಿದ.

"ಚೆನ್ನಾಗಿದೆ ಅಂತಿದ್ದಾರೆ," ಎಂದು ಮೋಹನ ತರ್ಜುಮೆ ಮಾಡಿದ.

೫

ಮುಕ್ತಾಯ ಬೇಕಲ್ಲ. ಪ್ರದ್ಯೋತನಿಗೆ ನಿಜ ಗೊತ್ತಾಗಿ ಅವನು ಮೋಹನನಿಗೆ ಛೀಮಾರಿ ಹಾಕುತ್ತಾನೆ ಎಂದು ಬರೆದೆ, ಹೊಡೆದು ಹಾಕಿದೆ. ಅವನು ಗೋಳಿಬಜೆ ತಿಂದು ಖುಷಿಯಾಗಿ ಹೋದ, ಏನೂ ಗೊತ್ತಾಗಲಿಲ್ಲ. ಮೋಹನ ತಾಯಿಯ ಕಾಲು ಹಿಡಿಯುತ್ತಾನೆ ಎಂದು ಬರೆದೆ. "ಅದು ಸಿನಿಮಾ ಆಯ್ತು," ಎಂದು ಅವನೇ ಬೇಡವೆಂದ.

ಆದದ್ದು ಇಷ್ಟು. ಗೆಳೆಯರು ಹೋದ ಮೇಲೆ ಕುಸುಮಾವತಿ ತಟ್ಟೆಗಳನ್ನು ಎತ್ತುತ್ತ ಹೇಳಿದಳು: "ಅಮ್ಮ ಅನ್ನುವಾಗ ತುಟಿ ಒಂದೇ ಸಲ ಮುಚ್ಚುವುದು ಮಗಾ. ನೀನು ನನ್ನನ್ನು ತೋರಿಸಿ ಎರಡು ಸಲ ಮುಚ್ಚಿದ್ದಿ. ಎಂತ ಹೇಳಿದ್ದು ಅವರಿಗೆ?"

ಮೋಹನ ಉತ್ತರ ಕೊಟ್ಟ. ಆದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೊಟ್ಟ. ನನಗೆ ಕೇಳಿಸಿತು, ಅವಳಿಗೆ ಸಿಗದ ಮಾತನ್ನು ನಿಮಗೆ ಕೊಡಲಾರೆ. ಎಂಜಲು ತಟ್ಟೆ ಕೈಯಲ್ಲಿ ಹಿಡಿದು, ಅವನು ಈ ಕಡೆ ತಿರುಗಲಿ ಎಂದು ಅವಳು ಕಾಯುತ್ತ ನಿಂತಿದ್ದಾಳೆ.