ಮೆರವಣಿಗೆಯ ಜೋಗುಳ

ತೊಟ್ಟಿಲ ಹಗ್ಗ ಕೊಂಡಿಗೆ ಉಜ್ಜಿ ಕಿರ್ ಕಿರ್ ಎನ್ನುತ್ತಿತ್ತು. ಎಣ್ಣೆ ಬಿಟ್ಟರೂ ಆ ಸದ್ದು ನಿಲ್ಲಲಿಲ್ಲ. ತೊಟ್ಟಿಲಲ್ಲಿದ್ದ ನನ್ನ ಮಗಳು ಸುಗುಣಳ ಅಳುವೂ ನಿಲ್ಲಲಿಲ್ಲ.

ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಬಂದ ಹೊಸತು. ನನ್ನ ಅಪ್ಪ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ವರನ ಮೆರವಣಿಗೆಗೆಂದು ಅವರೇ ಕಟ್ಟಿದ ಒಂದು ಹಾಡಿತ್ತು. ಅದು ಶುರುವಾದರೆ ಊರುಗೋಲು ಹಿಡಿದವರೂ ಹೆಜ್ಜೆ ಹಾಕುತ್ತಿದ್ದರು. ತವರಿನಲ್ಲಿ ನಾನು ಮಗುವನ್ನು ಮಲಗಿಸುತ್ತಿದ್ದುದು ಅದನ್ನೇ ಗುನುಗಿ. ಇಲ್ಲಿ ಮೊದಲ ದಿನ ನಾನು ಗುನುಗತೊಡಗಿದೊಡನೆ ಅತ್ತೆ ಬಾಗಿಲಿಗೆ ಬಂದರು.

“ಏನಮ್ಮ ಇದು, ಬೀದಿಯಲ್ಲಿ ಕುಣಿಸೋ ಹಾಡು! ಮಗು ಮಲಗಬೇಕೋ, ದಿಬ್ಬಣ ಹೊರಡಬೇಕೋ?”

ನಾನು ಸುಮ್ಮನಾದೆ. ಮಗು ಸುಮ್ಮನಾಗಲಿಲ್ಲ. ನಿದ್ದೆಯಿಲ್ಲದೆ ಅದರ ಕೆನ್ನೆ ಇಳಿಯಿತು. ಆ ಸಂಕಟದ ಜೊತೆಗೆ, ಅಪ್ಪನ ಹಾಡಿಗೆ ಈ ಮನೆಯೊಳಗೆ ಜಾಗವಿಲ್ಲವಲ್ಲ ಎಂಬ ನೋವೂ ಸೇರಿಕೊಂಡಿತು.

ಪಕ್ಕದ ಮನೆಯ ಸಂಗೀತದ ಮೇಷ್ಟ್ರು ಶೇಷಣ್ಣನವರನ್ನು ಅತ್ತೆ ಒಂದು ಮಧ್ಯಾಹ್ನ ಊಟಕ್ಕೆ ಕರೆದರು. ಹೋಳಿಗೆ ಮುಗಿಸಿ ಅವರು ತೊಟ್ಟಿಲ ಬಳಿ ಗೋಡೆಗೊರಗಿ ಕೂತರು.

“ನೀಲಾಂಬರಿ ರಾಗ ಸಾಕು ತಾಯಿ. ಆ ಸ್ವರಗಳಲ್ಲೇ ನಿದ್ದೆ ಇದೆ.”

ಎಷ್ಟು ಸೊಗಸಾಗಿ ಹಾಡಿದರೆಂದರೆ, ಎಲೆ ತೆಗೆದ ಜಾಗ ಒರೆಸುತ್ತಿದ್ದ ನನ್ನ ಕೈ ನಿಂತಿತು. ಸುಗುಣ ಅವರನ್ನೇ ದಿಟ್ಟಿಸಿದಳು. ತುಟಿ ನಡುಗಿತು. ಆಮೇಲೆ ಬೀದಿಯ ತುದಿಗೆ ಕೇಳುವ ಹಾಗೆ ಕಿರುಚಿದಳು.

“ಅಬ್ಬಾ, ನೀಲಾಂಬರಿಗೂ ಬಗ್ಗಲ್ಲ ಇವಳು!” ಮೇಷ್ಟ್ರು ಮುಖ ಒರೆಸಿಕೊಂಡರು.

“ಅಪ್ಪನ ಹಾಡು ಹೇಳಲಾ ಅತ್ತೆ?” ಎಂದೆ. ಧೈರ್ಯ ಎಲ್ಲಿಂದ ಬಂತೋ.

“ಹೇಳಮ್ಮ. ಇದಕ್ಕಿಂತ ಜಾಸ್ತಿ ಅಳೋಕೆ ಇನ್ನೇನಿದೆ.”

ಗುನುಗಿದೆ. ಹಗ್ಗದ ಕಿರ್ ಕಿರ್ ಜೊತೆ ಹಾಡು ತಾನಾಗಿ ನಿಧಾನವಾಯಿತು. ನನಗದು ಯಾವತ್ತೂ ಕುಣಿತದ ಹಾಡಾಗಿರಲಿಲ್ಲ. ಚಿಕ್ಕವಳಿದ್ದಾಗ, ಮದುವೆ ಮುಗಿಸಿ ಬರುವ ಅಪ್ಪ ಬೀದಿಯ ತಿರುವಿನಿಂದಲೇ ಅದನ್ನು ಶಿಳ್ಳೆ ಹಾಕುತ್ತಿದ್ದರು. ಅದು ಕಿವಿಗೆ ಬಿದ್ದ ಮೇಲೆಯೇ ನನಗೆ ನಿದ್ದೆ. ಸುಗುಣಳ ಮುಷ್ಟಿ ಬಿಚ್ಚಿಕೊಂಡಿತು, ರೆಪ್ಪೆ ಭಾರವಾಯಿತು. ಅಷ್ಟರಲ್ಲಿ ಗೊರಕೆ ಕೇಳಿಸಿತು. ಮಗುವಿನದಲ್ಲ, ಮೇಷ್ಟ್ರದು.

ಎಚ್ಚರವಾದಾಗ ಅವರು ನಾಚಿಕೊಂಡರು. “ಮಗು ಅಭ್ಯಾಸದಿಂದ ಮಲಗಿತು ಅನ್ನೋಣ. ನನಗೆ ಬ್ಯಾಂಡ್ ಅಂದ್ರೆ ತಲೆನೋವು, ನಾನ್ಯಾಕೆ ಮಲಗಿದೆ? ಎಲ್ಲ ಸ್ವರದ್ದೇ ಅನ್ನೋ ಹಾಗೂ ಇಲ್ಲ, ಎಲ್ಲ ಕೇಳೋರ ಮನಸ್ಸಿನದ್ದೇ ಅನ್ನೋ ಹಾಗೂ ಇಲ್ಲ!”

“ಎಲ್ಲ ಹೋಳಿಗೇದು,” ಎಂದರು ಅತ್ತೆ. ಆದರೆ ಹಾಡಬೇಡ ಎಂದು ಮತ್ತೆ ಹೇಳಲಿಲ್ಲ.

ನಮ್ಮನ್ನು ಹಬ್ಬಕ್ಕೆ ಕರೆಯಲು ಅಪ್ಪ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒದ್ದೆ ಕೈಯಲ್ಲೇ ಒಳಬಂದು ನೋಡಿದರೆ, ಕ್ಲಾರಿನೆಟ್ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲಾಚೆ ನಿಂತಿದ್ದಾರೆ. ಅತ್ತೆ ತೊಟ್ಟಿಲು ತೂಗುತ್ತ, ಶ್ರುತಿ ತಪ್ಪಿ, ಗುನುಗುತ್ತಿದ್ದಾರೆ.

“ಬೀಗಿತ್ತಮ್ಮ, ಇದು... ನನ್ನ ಹಾಡಲ್ವಾ?”

“ಶ್! ಯಾರದಾದ್ರೂ ಆಗಲಿ, ಮೊದಲು ಮಗು ಮಲಗಲಿ. ಒಳಗೆ ಬಂದು ಕೂತ್ಕೊಳ್ಳಿ.”

ಅಪ್ಪ ಹೊಸ್ತಿಲು ದಾಟಿ ಬಂದು ಕೂತರು. ಹಗ್ಗ ಕಿರ್ ಕಿರ್ ಎನ್ನುತ್ತಿತ್ತು. ಮಡಿಲಲ್ಲಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆ ಅವರ ಬೆರಳುಗಳು ಒಂದೊಂದಾಗಿ, ತುಂಬ ನಿಧಾನವಾಗಿ, ಏಳುತ್ತ ಬೀಳುತ್ತಿದ್ದವು.